ಮೇಲೆ ಎಳೆದರೆ ಕೆಳಗೆ ಜಿಗಿಯುವ ಸೆಲೆಕ್ಷನ್

ಬಿಡುವಾದಾಗಲೆಲ್ಲ ನಾನು ಕೈಯಾಡಿಸುವ ಒಂದು ಸಣ್ಣ ಟೆಕ್ಸ್ಟ್ ಎಡಿಟರ್ ಇದೆ. ಬರೆದಿರುವುದು ಸಿ ಭಾಷೆಯಲ್ಲಿ. ವಿಂಡೋ, ಕೀಬೋರ್ಡ್, ಮೌಸ್ ಎಲ್ಲವನ್ನೂ ಎಸ್‌ಡಿಎಲ್2 ಅನ್ನುವ ಲೈಬ್ರರಿ ನೋಡಿಕೊಳ್ಳುತ್ತದೆ. ಅಕ್ಷರಗಳನ್ನು ಜೋಡಿಸುವುದು ಹಾರ್ಫ್‌ಬಜ್, ಬಿಡಿಸಿ ಕೊಡುವುದು ಫ್ರೀಟೈಪ್. ಕೋಡ್ ಹಳೆಯದು. ಬಹಳ ಕಾಲ ಯಾವ ತಕರಾರೂ ಇರಲಿಲ್ಲ. ಎಸ್‌ಡಿಎಲ್‌ನ ಹೊಸ ಆವೃತ್ತಿ ಹಾಕಿದ ಮೇಲೆ ಒಂದು ವಿಚಿತ್ರ ಶುರುವಾಯಿತು.

ಫೈಲ್‌ನ ಆರಂಭದಲ್ಲಿದ್ದೀರಿ ಅಂದುಕೊಳ್ಳಿ. ಐದನೇ ಸಾಲಿನಲ್ಲಿ ಮೌಸ್ ಒತ್ತಿ ಹಿಡಿದು ಮೇಲಕ್ಕೆ ಎಳೆಯುತ್ತೀರಿ. ನಾಲ್ಕು, ಮೂರು, ಎರಡು, ಒಂದು ಅಂತ ಸಾಲುಗಳು ಸರಿಯಾಗಿಯೇ ಸೆಲೆಕ್ಟ್ ಆಗುತ್ತವೆ. ಪಾಯಿಂಟರ್ ವಿಂಡೋದ ಮೇಲಂಚು ದಾಟುತ್ತದೆ, ಇನ್ನೂ ಸರಿಯಿದೆ. ಇನ್ನು ಸ್ವಲ್ಪ ಮೇಲೆ, ಟೈಟಲ್ ಬಾರ್ ಒಳಗೆ ಹೋಗುತ್ತಿದ್ದ ಹಾಗೆ ಸೆಲೆಕ್ಷನ್ ಉಲ್ಟಾ ತಿರುಗುತ್ತದೆ. ಐದನೇ ಸಾಲಿನಿಂದ ಫೈಲ್‌ನ ಕೊನೆಯವರೆಗೆ ಎಲ್ಲಾ ನೀಲಿ. ಆ ಹೊತ್ತಿಗೆ ಡಿಲೀಟ್ ಒತ್ತಿದರೆ ಮೇಲಿನ ನಾಲ್ಕು ಸಾಲು ಉಳಿಯುತ್ತವೆ, ಕೆಳಗಿನದೆಲ್ಲ ಹೋಗುತ್ತದೆ. ಬೇಕಾದದ್ದಕ್ಕೆ ಸರಿಯಾಗಿ ವಿರುದ್ಧ.

ಲೈಬ್ರರಿಯನ್ನು ಬೈಯೋಣ ಅನ್ನಿಸುತ್ತದೆ, ಆದರೆ ತಪ್ಪು ಅದರದ್ದಲ್ಲ. ಮೌಸ್ ಒತ್ತಿ ಹಿಡಿದಿರುವಾಗ ಪಾಯಿಂಟರ್ ವಿಂಡೋ ಆಚೆ ಹೋದರೂ ಅದರ ಸುದ್ದಿ ನಮಗೆ ಬರಬೇಕು ಅಂದರೆ ಮೊದಲೆಲ್ಲ ಎಸ್‌ಡಿಎಲ್_ಕ್ಯಾಪ್ಚರ್‌ಮೌಸ್ ಅನ್ನು ನಾವೇ ಕರೆಯಬೇಕಿತ್ತು. 2.0.22ರಿಂದ ಅದು ತಾನಾಗಿಯೇ ಆಗುತ್ತದೆ. ಅಂದರೆ ಈ ಎಡಿಟರ್‌ಗೆ ಇಷ್ಟು ದಿನ ಬರದೇ ಇದ್ದ ಮೈನಸ್ ಅಳತೆಗಳು ಈಗ ಬರತೊಡಗಿವೆ. ಟೆಕ್ಸ್ಟ್ ಶುರುವಾಗುವುದು ವಿಂಡೋದ ಮೇಲಂಚಿನಿಂದ 6 ಪಿಕ್ಸೆಲ್ ಬಿಟ್ಟು. ಹಾಗಾಗಿ ಮೊದಲು ತೀರಾ ಕಡಿಮೆ ಅಂದರೆ -6 ಬರುತ್ತಿತ್ತು. ಈಗ -45 ಬರಬಹುದು, -700 ಕೂಡ ಬರಬಹುದು.

ಆ -45ರ ಹಿಂದೆಯೇ ಹೋಗಿ ನೋಡಿದೆ. ಪಿಕ್ಸೆಲ್ ಕೊಟ್ಟರೆ ಸಾಲು ಹೇಳುವ ಫಂಕ್ಷನ್ ಒಂದಿದೆ. ಪಾಯಿಂಟರ್‌ನ ವೈಗೆ, ಅಂದರೆ ಮೇಲಿನಿಂದ ಕೆಳಕ್ಕೆ ಅಳೆದ ದೂರಕ್ಕೆ, ಎಷ್ಟು ಸ್ಕ್ರೋಲ್ ಆಗಿದೆ ಅನ್ನುವುದನ್ನು ಕೂಡಿಸುತ್ತದೆ, ಮೊತ್ತವನ್ನು ಇಂಟ್‌ಗೆ, ಅಂದರೆ ಪೂರ್ಣಾಂಕಕ್ಕೆ, ಇಳಿಸುತ್ತದೆ, ಸಾಲಿನ ಎತ್ತರ 20ರಿಂದ ಭಾಗಿಸುತ್ತದೆ. ಉತ್ತರವನ್ನು ಸೈಜ್_ಟಿ ಒಳಗೆ ಹಾಕುತ್ತದೆ. ಅದು ಕೊನೆಯ ಸಾಲಿಗಿಂತ ದೊಡ್ಡದಿದ್ದರೆ ಕೊನೆಯ ಸಾಲು ಅನ್ನುತ್ತದೆ. ಓದಿದರೆ ಯಾವ ದೋಷವೂ ಕಾಣುವುದಿಲ್ಲ, ಅಲ್ವಾ?

-45ನ್ನು 20ರಿಂದ ಭಾಗಿಸಿದರೆ ಸಿ ಭಾಷೆಯಲ್ಲಿ -2. ಸೈಜ್_ಟಿ ಅಂದರೆ ಮೈನಸ್‌ಗೆ ಜಾಗವೇ ಇಲ್ಲದ ಪೂರ್ಣಾಂಕ, ಅದರೊಳಗೆ ಹೋದಾಗ ಮೈನಸ್ ಉಳಿಯುವುದಿಲ್ಲ. 64 ಬಿಟ್ ಯಂತ್ರದಲ್ಲಿ 18446744073709551614 ಆಗುತ್ತದೆ. ಇದು ಕೊನೆಯ ಸಾಲಿಗಿಂತ ದೊಡ್ಡದೋ? ಹೌದು. ಹಾಗಾದರೆ ಕೊನೆಯ ಸಾಲು. ಮಿತಿ ಕಾಯಲು ಇಟ್ಟ ಸಾಲೇ ಸೆಲೆಕ್ಷನ್ನನ್ನು ತಂದು ಫೈಲ್ ಕೊನೆಗೆ ಹಾಕುತ್ತಿತ್ತು.

ಸ್ವಲ್ಪ ಮೇಲೆ ಹೋದಾಗ ಯಾಕೆ ಸರಿಯಿತ್ತು ಅನ್ನುವುದು ಇನ್ನೊಂದು ತಮಾಷೆ. ಸಿ99ರಿಂದ ಪೂರ್ಣಾಂಕಗಳ ಭಾಗಾಕಾರ ಸೊನ್ನೆಯ ಕಡೆಗೆ ಕತ್ತರಿಸುತ್ತದೆ. -1ರಿಂದ -19ರವರೆಗೆ ಉತ್ತರ 0. ಕೋಡ್ ಸಾಲು ಎಣಿಸುವುದು ಸೊನ್ನೆಯಿಂದ. ಅಂದರೆ ಸೊನ್ನೆ ಸಂಖ್ಯೆಯ ಮೊದಲ ಸಾಲಿಗೆ -19ರಿಂದ 19ರವರೆಗೆ ಒಟ್ಟು 39 ಪಿಕ್ಸೆಲ್ ಜಾಗ, ಉಳಿದ ಸಾಲುಗಳಿಗೆ 20. -6 ಬರುತ್ತಿದ್ದ ಕಾಲದಲ್ಲಿ ಈ ದೋಷವೇ ಆ ದೋಷವನ್ನು ಮುಚ್ಚಿಟ್ಟಿತ್ತು. ಸಾಲಿನೊಳಗೆ ಎಷ್ಟನೇ ಪಿಕ್ಸೆಲ್ ಅಂತ ಶೇಷ ತೆಗೆದರೆ ಅದೂ ಮೈನಸ್ಸೇ ಬರುತ್ತದೆ. ಇಲ್ಲಿ ಬೇಕಾದದ್ದು ಕೆಳಮುಖದ ಭಾಗಾಕಾರ: -1ಕ್ಕೆ ಸಾಲು -1, ಶೇಷ 19.

ಎರಡು ನಿಮಿಷದ ರಿಪೇರಿ ಕಣ್ಣಮುಂದೆಯೇ ಇತ್ತು. ಫಂಕ್ಷನ್‌ನ ಬಾಗಿಲಲ್ಲೇ ವೈ ಸೊನ್ನೆಗಿಂತ ಕಡಿಮೆ ಇದ್ದರೆ ಸೊನ್ನೆ ಮಾಡಿಬಿಡುವುದು. ಸೆಲೆಕ್ಷನ್ ಸರಿಯಾಗುತ್ತದೆ. ಹೆಚ್ಚಿನ ಎಡಿಟರ್‌ಗಳಲ್ಲಿ ಹೀಗೇ ಮಾಡಿರುತ್ತಾರೆ ಅಂತ ನನ್ನ ಗುಮಾನಿ. ಆದರೆ ಆ ಫಂಕ್ಷನ್ನನ್ನು ಯಾರ್ಯಾರು ಕರೆಯುತ್ತಾರೆ ಅಂತ ಹುಡುಕಿದಾಗ ಕೈ ಹಿಂದೆಗೆಯಿತು.

ಎಳೆದು ಸೆಲೆಕ್ಟ್ ಮಾಡುವ ಕೋಡ್‌ಗೆ ಹತ್ತಿರದ ಸಾಲು ಬೇಕು. ಸರಿ. ಅದೇ ಹೊತ್ತಿಗೆ ಆಟೋಸ್ಕ್ರೋಲ್‌ಗೆ, ಅಂದರೆ ಅಂಚು ದಾಟಿ ಎಳೆದಾಗ ಟೆಕ್ಸ್ಟ್ ತಾನಾಗಿ ಸರಿಯುವುದಕ್ಕೆ, ಎಷ್ಟು ದೂರ ಆಚೆ ಹೋಗಿದೆ ಅನ್ನುವುದು ಬೇಕು, ವೇಗ ಅದರ ಮೇಲೆ ನಿಂತಿದೆ. ಪದದ ಮೇಲೆ ಪಾಯಿಂಟರ್ ಇಟ್ಟರೆ ವಿವರ ತೋರಿಸುವ ಟೂಲ್‌ಟಿಪ್‌ಗೆ ಹತ್ತಿರದ್ದು ಬೇಡವೇ ಬೇಡ. ಅಲ್ಲಿ ಏನೂ ಇಲ್ಲ ಅಂದರೆ ಏನೂ ಇಲ್ಲ ಅಂತಲೇ ಗೊತ್ತಾಗಬೇಕು. ಇಲ್ಲದಿದ್ದರೆ ಕೊನೆಯ ಸಾಲಿನ ಕೆಳಗಿನ ಖಾಲಿ ಜಾಗದಲ್ಲಿ ಸುಮ್ನೆ ಪಾಯಿಂಟರ್ ಇಟ್ಟರೂ ಟೂಲ್‌ಟಿಪ್ ಎದ್ದು ನಿಲ್ಲುತ್ತದೆ. ಚೌಕಾಕಾರದ ಸೆಲೆಕ್ಷನ್‌ಗೆ ಸಾಲು ಮುಗಿದ ಮೇಲೂ ಬಲಕ್ಕೆ ಎಷ್ಟು ದೂರ ಅನ್ನುವುದು ಗೊತ್ತಿರಬೇಕು.

ಮಿತಿ ಮೀರಿದ ಅಳತೆ ಕಸ ಅಲ್ಲ, ಅದೂ ಒಂದು ಸುದ್ದಿ. ಅಳೆಯುವ ಜಾಗದಲ್ಲೇ ಅದನ್ನು ಕತ್ತರಿಸಿಬಿಟ್ಟರೆ ಸುದ್ದಿ ಕಳೆದುಹೋಗುತ್ತದೆ, ಮುಂದೆ ಯಾರೂ ಅದನ್ನು ವಾಪಸ್ ಹುಟ್ಟಿಸಲಾರರು. ಕತ್ತರಿಸಬೇಕೋ, ಬಿಡಬೇಕೋ, ಇಲ್ಲ ಅನ್ನಬೇಕೋ ಅನ್ನುವುದು ಕೇಳಿದವರಿಗೆ ಬಿಟ್ಟದ್ದು.

ಇದಕ್ಕೆ ಎಲ್ಲರೂ ದಿನಾ ನೋಡುವ ಉದಾಹರಣೆ ಕೆಳಬಾಣದ ಕೀ. ಉದ್ದ ಸಾಲೊಂದರಲ್ಲಿ ಎಕ್ಸ್ 480ರಲ್ಲಿ, ಅಂದರೆ ಎಡದಿಂದ 480 ಪಿಕ್ಸೆಲ್ ದೂರದಲ್ಲಿ, ಕರ್ಸರ್ ಇದೆ. ಕೆಳಗಿನ ಸಾಲಿನ ಉದ್ದ ಬರೀ 90. ಅದರ ಕೆಳಗಿನದು ಮತ್ತೆ ಉದ್ದ. ಕೆಳಬಾಣ ಒತ್ತಿದರೆ ಕರ್ಸರ್ 90ಕ್ಕೆ ಬಂದು ನಿಲ್ಲುತ್ತದೆ, ಇನ್ನೊಮ್ಮೆ ಒತ್ತಿದರೆ 480ಕ್ಕೇ ಹೋಗಬೇಕು. ಅಂದರೆ ಎಡಿಟರ್ 480ನ್ನು ಎಲ್ಲೋ ನೆನಪಿಟ್ಟಿರಬೇಕು. ಮಧ್ಯದ ಸಾಲಿನ ಮಟ್ಟಿಗೆ ಅದು ಮಿತಿ ಮೀರಿದ ಅಳತೆ. ಆದರೂ ಅದನ್ನು ತಿದ್ದುವ ಹಾಗಿಲ್ಲ. ತಿದ್ದಿದ 90ನ್ನೇ ಇಟ್ಟುಕೊಂಡರೆ ಕರ್ಸರ್ ಪ್ರತಿ ಗಿಡ್ಡ ಸಾಲಿನಲ್ಲೂ ಎಡಕ್ಕೆ ಜಾರಿ ಜಾರಿ ಕೊನೆಗೆ ಅಂಚಿಗೆ ಸೇರುತ್ತದೆ. ಈ ಎಡಿಟರ್‌ನಲ್ಲಿ ಆ ಭಾಗ ಮೊದಲಿಂದಲೂ ಸರಿಯಾಗಿತ್ತು. ಎಕ್ಸ್ ದಿಕ್ಕಿಗೆ ಕೊಟ್ಟ ಮರ್ಯಾದೆಯನ್ನು ವೈ ದಿಕ್ಕಿಗೂ ಕೊಡುವುದಷ್ಟೇ ಬಾಕಿ.

ಫಂಕ್ಷನ್ ಈಗ ಒಂದು ಸಂಖ್ಯೆ ಕೊಡುವುದಿಲ್ಲ, ಮೂರು ಕೊಡುತ್ತದೆ. ಹತ್ತಿರದ ಸಾಲು, ಆ ಸಾಲಿನೊಳಗಿನ ಪಿಕ್ಸೆಲ್, ಮತ್ತು ಎಷ್ಟು ಮೀರಿದೆ ಅನ್ನುವ ಅಳತೆ. ಮೇಲೆ ಮೀರಿದ್ದರೆ ಮೈನಸ್, ಕೆಳಗೆ ಮೀರಿದ್ದರೆ ಪ್ಲಸ್, ಒಳಗಿದ್ದರೆ ಸೊನ್ನೆ. ಎಲ್ಲವೂ ಚಿಹ್ನೆ ಇರುವ 64 ಬಿಟ್. ಇದೇನೂ ಹೊಸ ಉಪಾಯ ಅಲ್ಲ. ಇಮ್ಯಾಕ್ಸ್ ಎಡಿಟರ್‌ನಲ್ಲಿ ಪಾಸ್-ವಿಸಿಬಲ್-ಇನ್-ವಿಂಡೋ-ಪಿ ಅಂತ ಒಂದು ಫಂಕ್ಷನ್ ಇದೆ. ಅರ್ಧಂಬರ್ಧ ಕಾಣುವ ಸಾಲಿನ ಬಗ್ಗೆ ಕೇಳಿದರೆ, ಮೇಲೆ ಎಷ್ಟು ಪಿಕ್ಸೆಲ್ ವಿಂಡೋ ಆಚೆ ಇದೆ, ಕೆಳಗೆ ಎಷ್ಟು ಇದೆ ಅಂತ ಬೇರೆ ಬೇರೆಯಾಗಿ ಹೇಳುತ್ತದೆ. ಬ್ರೌಸರ್‌ಗಳದ್ದು ಇನ್ನೊಂದು ದಾರಿ: ಎಲಿಮೆಂಟ್-ಫ್ರಮ್-ಪಾಯಿಂಟ್ ಫಂಕ್ಷನ್‌ಗೆ ಮೈನಸ್ ಸ್ಥಾನ ಕೊಟ್ಟರೆ ನಲ್, ಅಂದರೆ ಏನೂ ಇಲ್ಲ ಅಂತ ಬರುತ್ತದೆ, ಅಷ್ಟೇ. ಟೂಲ್‌ಟಿಪ್‌ಗೆ ಅದು ಸಾಕು, ಆಟೋಸ್ಕ್ರೋಲ್‌ಗೆ ಸಾಲದು.

ಅಂಚಿನ ಲೆಕ್ಕದಲ್ಲಿ ಒಂದು ನಿಯಮ ಗಟ್ಟಿಯಾಗಿ ಹಿಡಿದುಕೊಂಡೆ. ಒಟ್ಟು ಎತ್ತರ 400 ಇದ್ದರೆ 0ರಿಂದ 399 ಒಳಗೆ, 400 ಹೊರಗೆ. ಖಾಲಿ ಫೈಲ್‌ನಲ್ಲೂ ಒಂದು ಸಾಲು ಇದ್ದೇ ಇರುತ್ತದೆ. ಈ ಎರಡನ್ನು ಒಂದೇ ಕಡೆ ಬರೆದಿಟ್ಟ ಮೇಲೆ ಅಲ್ಲಲ್ಲಿ ಸಿಕ್ಕಿಕೊಂಡಿದ್ದ ಒಂದು ಕೂಡಿಸು, ಒಂದು ಕಳೆ ಎಲ್ಲ ಉದುರಿ ಹೋದವು.

ಆಟೋಸ್ಕ್ರೋಲ್ ಬರೆಯುವಾಗ ಎರಡು ತೊಡಕು ಬಂದವು. ವಿಂಡೋ ಪೂರ್ತಿ ಪರದೆ ತುಂಬಿಕೊಂಡಿದ್ದರೆ ಪಾಯಿಂಟರ್ ಅಂಚು ದಾಟಲು ಜಾಗವೇ ಇಲ್ಲ. ಮೀರಿದ ಅಳತೆ ಯಾವಾಗಲೂ ಸೊನ್ನೆ, ಸ್ಕ್ರೋಲ್ ಶುರುವೇ ಆಗುವುದಿಲ್ಲ. ಅದಕ್ಕೆ ಅಂಚಿನಿಂದ ಒಳಗೆ ಒಂದು ಸಾಲಿನಷ್ಟು ಪಟ್ಟಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡೆ. ಇನ್ನೊಂದು, ಮೇಲೆ ಕೆಳಗೆ ಎರಡು ಮಾನಿಟರ್ ಇಟ್ಟುಕೊಂಡವರದ್ದು. ಪಾಯಿಂಟರ್ ಆರಾಮಾಗಿ -1000 ದಾಟಿ ಹೋಗುತ್ತದೆ, ಸ್ಕ್ರೋಲ್ ಕಣ್ಣಿಗೆ ಕಾಣದ ವೇಗದಲ್ಲಿ ಓಡುತ್ತದೆ. ವೇಗಕ್ಕೆ ಒಂದು ಮೇಲ್ಮಿತಿ ಹಾಕಿದೆ. ಗಮನಿಸಿ, ಮಿತಿ ಹಾಕಿದ್ದು ವೇಗಕ್ಕೆ, ಅಳತೆಗಲ್ಲ.

ಹೈ ಡಿಪಿಐ, ಅಂದರೆ ಪಿಕ್ಸೆಲ್‌ಗಳು ದಟ್ಟವಾಗಿರುವ ಪರದೆಯ ಕಥೆ ಬೇಗ ಮುಗಿಸುತ್ತೇನೆ. ಎಸ್‌ಡಿಎಲ್2ರಲ್ಲಿ ಮೌಸ್ ಬರುವುದು ವಿಂಡೋದ ಅಳತೆಯಲ್ಲಿ, ಬಿಡಿಸುವುದು ನಿಜವಾದ ಪಿಕ್ಸೆಲ್‌ನಲ್ಲಿ. ಎರಡರ ಅನುಪಾತ ತೆಗೆದು ಈವೆಂಟ್ ಒಳಗೆ ಬರುವ ಬಾಗಿಲಲ್ಲೇ ಗುಣಿಸಿದರೆ ಮುಗಿಯಿತು. ಹತ್ತು ಕಡೆ ಗುಣಿಸಲು ಹೋಗಬೇಡಿ.

ಇದನ್ನೆಲ್ಲ ಮಾಡುವಾಗ ಸ್ಕ್ರೋಲ್ ಕೂಡ ಕಣ್ಣಿಗೆ ಬಿತ್ತು. ಅದು 32 ಬಿಟ್ ಫ್ಲೋಟ್, ಅಂದರೆ ದಶಮಾಂಶವನ್ನೂ ಹಿಡಿಯುವ ಸಂಖ್ಯೆ. ಈ ಫ್ಲೋಟ್‌ಗೆ ಪೂರ್ಣಾಂಕಗಳು ಒಂದೂ ತಪ್ಪದೆ ಸಿಗುವುದು 1,67,77,216ರವರೆಗೆ ಮಾತ್ರ, ಅಂದರೆ 2ರ 24ನೇ ಘಾತ. ಅದಕ್ಕೆ 1 ಕೂಡಿಸಿದರೆ ಅದೇ ಸಂಖ್ಯೆ ವಾಪಸ್ ಬರುತ್ತದೆ. ಸಾಲಿನ ಎತ್ತರ 20 ಅಂದರೆ 8,38,860 ಸಾಲು ದಾಟಿದ ಮೇಲೆ ಒಂದೊಂದೇ ಪಿಕ್ಸೆಲ್ ಸ್ಕ್ರೋಲ್ ಮಾಡಲು ಆಗುವುದೇ ಇಲ್ಲ. ಟಚ್‌ಪ್ಯಾಡ್ ಅರ್ಧ ಪಿಕ್ಸೆಲ್ ಕಳಿಸುತ್ತದಲ್ಲ, ಅದಕ್ಕೆ ಇನ್ನೂ ಬೇಗ ತೊಂದರೆ. 83,88,608 ಪಿಕ್ಸೆಲ್ ದಾಟಿದರೆ ಅರ್ಧಗಳಿಗೆ ಜಾಗವೇ ಇಲ್ಲ. 10 ಲಕ್ಷ ಸಾಲಿನ ಲಾಗ್ ಫೈಲ್ ತೆರೆದು ಕೊನೆಯ ಹತ್ತಿರ ಹೋಗಿ ಬೆರಳನ್ನು ನಿಧಾನಕ್ಕೆ ಎಳೆದು ನೋಡಿದೆ. ಪರದೆ ಅಲ್ಲಾಡಲಿಲ್ಲ. ಜೋರಾಗಿ ಎಳೆದರೆ ಮಾತ್ರ ಕದಲಿತು.

ಫ್ಲೋಟ್ ಬದಲು 64 ಬಿಟ್‌ನ ಡಬಲ್ ಮಾಡಿದರೆ ಮುಗಿಯುತ್ತಿತ್ತು. 2ರ 53ನೇ ಘಾತದವರೆಗೆ ಚಿಂತೆಯಿಲ್ಲ. ಆದರೂ ನಾನು ಬೇರೆ ದಾರಿ ಹಿಡಿದೆ. ಸ್ಕ್ರೋಲ್ ಅಂದರೆ ಈಗ ಒಂದು ದೊಡ್ಡ ಸಂಖ್ಯೆ ಅಲ್ಲ, ಒಂದು ಜೋಡಿ: ಪರದೆಯ ಮೇಲ್ತುದಿಯಲ್ಲಿ ಇರುವ ಸಾಲು, ಮತ್ತು ಆ ಸಾಲಿನ ಒಳಗೆ ಎಷ್ಟು ಕೆಳಗೆ. ಸಂಖ್ಯೆಗಳು ಯಾವಾಗಲೂ ಚಿಕ್ಕವು. ಇನ್ನೊಂದು ಲಾಭ ಪುಕ್ಕಟೆ ಸಿಕ್ಕಿತು. ವಿಂಡೋ ಅಗಲ ಬದಲಿಸಿದಾಗ ಮೇಲಿನ ಸಾಲುಗಳು ಬೇರೆ ರೀತಿ ಮಡಚಿಕೊಂಡು ಅವುಗಳ ಎತ್ತರ ಬದಲಾಗುತ್ತದೆ. ಮೊದಲು ಆಗ ಓದುತ್ತಿದ್ದ ಜಾಗ ಎಲ್ಲೋ ಹೋಗುತ್ತಿತ್ತು. ಈಗ ಅಲ್ಲೇ ನಿಲ್ಲುತ್ತದೆ.

ಮಡಚುವ ಸಾಲುಗಳಿಂದಾಗಿ 20ರಿಂದ ಭಾಗಿಸುವುದೇ ಹೇಗೂ ಹೋಗಬೇಕಿತ್ತು. ಪ್ರತಿ ಸಾಲಿನ ಎತ್ತರವನ್ನು ಫೆನ್ವಿಕ್ ಟ್ರೀಯಲ್ಲಿ, ಅಂದರೆ ಆರಂಭದಿಂದ ಯಾವುದೇ ಸಾಲಿನವರೆಗಿನ ಮೊತ್ತವನ್ನು ಬೇಗ ಕೊಡುವ ರಚನೆಯಲ್ಲಿ ಇಟ್ಟೆ. 1994ರಲ್ಲಿ ಪೀಟರ್ ಫೆನ್ವಿಕ್ ಪ್ರಕಟಿಸಿದ ವಿಧಾನ, ಒಂದು ಸಾದಾ ಅರೇಯಲ್ಲೇ ನಡೆಯುತ್ತದೆ. 10 ಲಕ್ಷ ಸಾಲಿದ್ದರೂ ಯಾವ ಪಿಕ್ಸೆಲ್ ಯಾವ ಸಾಲಿನದು ಅನ್ನುವುದು ಸುಮಾರು 20 ಹೆಜ್ಜೆಯಲ್ಲಿ ಸಿಗುತ್ತದೆ. ಸಾಲು ಮಧ್ಯದಲ್ಲಿ ಸೇರಿಸುವುದು ಅದಕ್ಕೆ ಕಷ್ಟ. ಅದಕ್ಕೆ ಸಾಲುಗಳನ್ನು ತುಂಡು ತುಂಡಾಗಿ ಇಟ್ಟು, ಟ್ರೀಯಲ್ಲಿ ತುಂಡಿನ ಒಟ್ಟು ಎತ್ತರ ಮಾತ್ರ ಇಟ್ಟಿದ್ದೇನೆ.

ಅಡ್ಡ ದಿಕ್ಕಿನಲ್ಲೂ ಒಂದು ಬಾಂಬ್ ಕೂತಿತ್ತು. ಪ್ರೋಗ್ರಾಂಗಳು ಡೇಟಾ ಇಡಲು ಬಳಸುವ ಜೇಸನ್ ಫೈಲ್‌ಗಳು ಕೆಲವೊಮ್ಮೆ ಒಂದೇ ಸಾಲಿನಲ್ಲಿ ಹತ್ತಿಪ್ಪತ್ತು ಎಂಬಿ ಇರುತ್ತವೆ. ಅಂಥದ್ದನ್ನು ಮಡಚದೆ ತೆರೆದು ಎಂಡ್ ಕೀ ಒತ್ತಿದರೆ ಕರ್ಸರ್ ಮಾಯ. ಸ್ಕ್ರೋಲ್‌ಬಾರ್ ಎಡತುದಿಗೆ ಹೋಗಿ ಕೂರುತ್ತದೆ. ಫ್ರೀಟೈಪ್ ಅಳತೆಗಳು 26.6 ಮಾದರಿಯವು, ಅಂದರೆ ಒಂದು ಪಿಕ್ಸೆಲ್‌ಗೆ 64 ಭಾಗ. ಹಾರ್ಫ್‌ಬಜ್ ಸ್ಥಾನಗಳು 32 ಬಿಟ್. ಒಂದೊಂದು ಅಕ್ಷರದ ಅಗಲಕ್ಕೆ ಇದು ಧಾರಾಳ ಸಾಕು. ಆದರೆ ಇಲ್ಲಿ ಅಗಲಗಳನ್ನು ಕೂಡಿಸುತ್ತಾ ಹೋಗುವ ಮೊತ್ತವೂ ಅದೇ 32 ಬಿಟ್‌ನಲ್ಲಿತ್ತು. ಅಕ್ಷರ 9 ಪಿಕ್ಸೆಲ್ ಅಂದರೆ 576 ಭಾಗ. 37,28,270 ಅಕ್ಷರ ಕೂಡುವವರೆಗೆ ಸರಿ. ಇನ್ನೊಂದು ಕೂಡಿಸಿದರೆ ಮೊತ್ತ ಮೈನಸ್‌ಗೆ ಮಗುಚುತ್ತದೆ. ಪಿಕ್ಸೆಲ್ ಲೆಕ್ಕದಲ್ಲಿ ಇದು 3,35,54,432. ಕ್ರೋಮ್ ಬ್ರೌಸರ್‌ನಲ್ಲಿ ತೀರಾ ಎತ್ತರದ ಪುಟ ಮಾಡಲು ಹೋದವರಿಗೆ ಈ ಸಂಖ್ಯೆ ಪರಿಚಯ ಇರಬಹುದು. ಅಲ್ಲೂ ಪಿಕ್ಸೆಲ್‌ಗೆ 64 ಭಾಗ, ಅಲ್ಲೂ 32 ಬಿಟ್. ಫೈರ್‌ಫಾಕ್ಸ್‌ನಲ್ಲಿ 60 ಭಾಗ, ಆದರೆ ಅದು 32 ಬಿಟ್‌ನ್ನು ಪೂರ್ತಿ ಬಳಸುವುದಿಲ್ಲ, ಹಾಗಾಗಿ ಮಿತಿ ಇನ್ನೂ ಹತ್ತಿರ. ಅಕ್ಷರ ಜೋಡಿಸಲು ಪ್ಯಾಂಗೋ ಲೈಬ್ರರಿ ಬಳಸುವವರು ಇನ್ನೂ ಹುಷಾರಾಗಿರಬೇಕು. ಅದರಲ್ಲಿ ಪಿಕ್ಸೆಲ್‌ಗೆ 1024 ಭಾಗ, ಹಾಗಾಗಿ 20,97,152 ಪಿಕ್ಸೆಲ್‌ಗೇ ತಲೆ ತಾಗುತ್ತದೆ.

ಮೊತ್ತವನ್ನು 64 ಬಿಟ್ ಮಾಡಿದೆ. ಬಿಡಿಸುವಾಗ ಫ್ಲೋಟ್ ಬೇಕೇ ಬೇಕು. ಅಲ್ಲಿ ಕ್ರಮ ಮುಖ್ಯ: ಮೊದಲು 64 ಬಿಟ್‌ನಲ್ಲೇ ಸ್ಕ್ರೋಲ್ ಕಳೆಯಬೇಕು, ಉಳಿದ ಚಿಕ್ಕ ಸಂಖ್ಯೆಯನ್ನು ಆಮೇಲೆ ಫ್ಲೋಟ್ ಮಾಡಬೇಕು. ಉಲ್ಟಾ ಮಾಡಿದರೆ ದೂರ ಹೋದ ಹಾಗೆಲ್ಲ ಅಕ್ಷರಗಳು ಒಂದರ ಮೇಲೊಂದು ಏರುತ್ತವೆ, ಮಧ್ಯೆ ಬಿರುಕು ಬಿಡುತ್ತವೆ. ಸಾಲಿನ ಆರಂಭದಿಂದ ಪ್ರತಿ ಸಲ ಕೂಡುವುದು ನಿಧಾನ, ಹಾಗಾಗಿ ಅಲ್ಲಲ್ಲಿ ಮೊತ್ತ ಬರೆದಿಟ್ಟುಕೊಂಡೆ. ಕನ್ನಡ ಪಠ್ಯದಲ್ಲಿ ಈ ನಿಲುಗಡೆಗಳನ್ನು ಎಲ್ಲೆಂದರಲ್ಲಿ ಹಾಕುವ ಹಾಗಿಲ್ಲ. ಸ್ತ್ರೀ ಅನ್ನುವುದು ಕಣ್ಣಿಗೆ ಒಂದಕ್ಷರ, ಯೂನಿಕೋಡ್‌ನಲ್ಲಿ 6 ಸಂಕೇತ, ಯುಟಿಎಫ್-8ರಲ್ಲಿ 18 ಬೈಟ್. ಮಧ್ಯೆ ಕತ್ತರಿಸಿದರೆ ಒತ್ತಕ್ಷರ ಬಿಡಿಯಾಗಿ ಬಂದು ಅಗಲವೇ ಬದಲಾಗುತ್ತದೆ. ಎಲ್ಲಿ ಮುರಿದರೆ ಅಪಾಯ ಅಂತ ಹಾರ್ಫ್‌ಬಜ್ ಗ್ಲಿಫ್ (ಫಾಂಟ್‌ನ ಅಕ್ಷರರೂಪ) ಮೇಲೆ ಅನ್‌ಸೇಫ್-ಟು-ಬ್ರೇಕ್ ಗುರುತು ಹಾಕಿ ಹೇಳುತ್ತದೆ. ಆ ಗುರುತು ಇಲ್ಲದ ಕಡೆ ಮಾತ್ರ ನಿಲ್ಲಿಸಿದೆ.

ಒತ್ತಕ್ಷರಗಳ ವಿಷಯ ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ರಾಷ್ಟ್ರ ಅಂತ ಬರೆದರೆ ಷ ಕೆಳಗೆ ಟ, ಜೊತೆಗೆ ರ ಒತ್ತು. ಫಾಂಟ್ ಬದಲಿಯಾಗಿ ಬಂದಿದ್ದಾಗ, ಅಂದರೆ ಮುಖ್ಯ ಫಾಂಟ್‌ನಲ್ಲಿ ಕನ್ನಡ ಇಲ್ಲದೆ ಬೇರೆಯದರಿಂದ ತಂದಾಗ, ಒತ್ತುಗಳು ಸಾಲಿನ 20 ಪಿಕ್ಸೆಲ್ ಒಳಗೆ ಹಿಡಿಸುವುದಿಲ್ಲ. ನಾಲ್ಕೈದು ಪಿಕ್ಸೆಲ್ ಕೆಳಗಿನ ಸಾಲಿಗೆ ಇಳಿಯುತ್ತವೆ. ಎಡಿಟರ್ ಪ್ರತಿ ಸಾಲಿನ ಹಿನ್ನೆಲೆ ಬಳಿದು, ಅಕ್ಷರ ಬರೆದು, ಮುಂದಿನ ಸಾಲಿಗೆ ಹೋಗುತ್ತಿತ್ತು. ಮುಂದಿನ ಸಾಲಿನ ಹಿನ್ನೆಲೆ ಬಂದು ಒತ್ತಿನ ಕಾಲು ಕತ್ತರಿಸುತ್ತಿತ್ತು. ಇದೂ ಮಿತಿ ಮೀರಿದ ಪಿಕ್ಸೆಲ್ಲೇ, ಮೀರುವುದು ಅದರ ಹಕ್ಕು. ಈಗ ಮೊದಲು ಎಲ್ಲ ಹಿನ್ನೆಲೆ, ಎರಡನೇ ಸುತ್ತಿನಲ್ಲಿ ಎಲ್ಲ ಅಕ್ಷರ. ಕತ್ತರಿ ಇಡೀ ಪೇನ್‌ಗೆ, ಅಂದರೆ ವಿಂಡೋದೊಳಗೆ ಫೈಲ್ ಕಾಣುವ ಚೌಕಕ್ಕೆ ಮಾತ್ರ, ಸಾಲಿಗಿಲ್ಲ. ಬದಲಾದ ಸಾಲನ್ನಷ್ಟೇ ಮತ್ತೆ ಬಿಡಿಸುವಾಗ ಪಕ್ಕದ ಸಾಲುಗಳ ಮಸಿ ಎಲ್ಲಿಯವರೆಗೆ ಚಾಚಿದೆ ಅನ್ನುವುದನ್ನೂ ಸೇರಿಸಿಕೊಳ್ಳುತ್ತೇನೆ. ಸಾಲಿನ ಎತ್ತರವನ್ನೇ ಜಾಸ್ತಿ ಮಾಡಬಹುದಿತ್ತು, ಆದರೆ ಕನ್ನಡ ಇರುವ ಸಾಲು ಎತ್ತರ, ಇಲ್ಲದ್ದು ಗಿಡ್ಡ ಅಂತಾದರೆ ನೋಡಲು ಚೆನ್ನಾಗಿರುವುದಿಲ್ಲ.

ಎಲ್ಲಕ್ಕಿಂತ ಸತಾಯಿಸಿದ್ದು ನ್ಯಾನ್, ಅಂದರೆ ಸಂಖ್ಯೆಯೇ ಅಲ್ಲ ಅನ್ನುವ ಫ್ಲೋಟ್ ಬೆಲೆ. ವಿಂಡೋ ಮಿನಿಮೈಸ್ ಆದಾಗ ಪೇನ್ ಎತ್ತರ 0 ಬರುತ್ತಿತ್ತು. ಸ್ಕ್ರೋಲ್‌ಬಾರ್ ಲೆಕ್ಕದಲ್ಲಿ 0ಯನ್ನು 0ಯಿಂದ ಭಾಗಿಸಿ ನ್ಯಾನ್ ಹುಟ್ಟುತ್ತಿತ್ತು. ಅದಕ್ಕೆ ಮಿತಿ ಹಾಕುವ ಫಂಕ್ಷನ್ ಇತ್ತು. ಕೆಳಮಿತಿಗಿಂತ ಕಡಿಮೆಯೋ? ನ್ಯಾನ್ ಅಲ್ಲ ಅನ್ನುತ್ತದೆ. ಮೇಲ್ಮಿತಿಗಿಂತ ಜಾಸ್ತಿಯೋ? ಅದಕ್ಕೂ ಅಲ್ಲ ಅನ್ನುತ್ತದೆ. ಸರಿ, ಹಾಗಾದರೆ ಒಳಗೆ ಹೋಗು ಅಂತ ಬಿಟ್ಟುಬಿಡುತ್ತಿತ್ತು. ಮುಂದೆ ಅದನ್ನು ಇಂಟ್ ಮಾಡುವಾಗ ಏನಾಗಬೇಕು ಅನ್ನುವುದಕ್ಕೆ ಸಿ ಭಾಷೆಯಲ್ಲಿ ನಿಯಮವೇ ಇಲ್ಲ. ಇಂಟೆಲ್ ಮಾದರಿಯ ಪ್ರೊಸೆಸರ್‌ನಲ್ಲಿ ಸಾಮಾನ್ಯವಾಗಿ -2147483648 ಸಿಗುತ್ತದೆ. 64 ಬಿಟ್ ಆರ್ಮ್‌ನಲ್ಲಿ 0 ಸಿಗುತ್ತದೆ. ಅದಕ್ಕೇ ಒಂದು ಯಂತ್ರದಲ್ಲಿ ಫೈಲ್ ಮೇಲ್ತುದಿಗೆ ಹೋಗುತ್ತಿತ್ತು, ಇನ್ನೊಂದರಲ್ಲಿ ಪರದೆ ಖಾಲಿ. ಪ್ರಶ್ನೆಯನ್ನು ತಿರುಗಿಸಿದೆ: ಕೆಳಮಿತಿಗಿಂತ ಜಾಸ್ತಿ ಅಂತ ಒಪ್ಪಿದರೆ ಮಾತ್ರ ಮುಂದೆ, ಇಲ್ಲದಿದ್ದರೆ ಕೆಳಮಿತಿ. ನ್ಯಾನ್ ಈಗ ಬಾಗಿಲಲ್ಲೇ ನಿಲ್ಲುತ್ತದೆ. ಎತ್ತರ 0 ಇದ್ದರೆ ಸ್ಕ್ರೋಲ್‌ಬಾರ್ ಲೆಕ್ಕವನ್ನೇ ಮಾಡುವುದಿಲ್ಲ, ಅದು ಮೂಲ ರಿಪೇರಿ.

ಪರೀಕ್ಷೆಗೆ ಒಂದು ಪಟ್ಟಿ ಮಾಡಿಕೊಂಡೆ. ಇಂಟ್‌ನ ಅತಿ ಕಡಿಮೆ, -21, -20, -1, 0, ಎತ್ತರಕ್ಕಿಂತ ಒಂದು ಕಡಿಮೆ, ಎತ್ತರ, ಇಂಟ್‌ನ ಅತಿ ಜಾಸ್ತಿ. ಪ್ರತಿಯೊಂದನ್ನೂ ಸಾಲು ಮಾಡಿ, ಸಾಲಿನಿಂದ ಮತ್ತೆ ಪಿಕ್ಸೆಲ್ ಮಾಡಿ, ಮೀರಿದ್ದನ್ನು ಕೂಡಿಸಿದರೆ ಕೊಟ್ಟದ್ದೇ ವಾಪಸ್ ಬರಬೇಕು. ಕಂಪೈಲರ್‌ನ ಅನ್‌ಡಿಫೈನ್ಡ್ ಸ್ಯಾನಿಟೈಸರ್, ಅಂದರೆ ಭಾಷೆಯ ನಿಯಮ ಮೀರಿದ್ದನ್ನು ಓಡುವಾಗ ಹಿಡಿಯುವ ತಪಾಸಣೆ ಹಾಕಿದರೆ 32 ಬಿಟ್ ಮೊತ್ತ ಮಗುಚಿದ್ದು ತಕ್ಷಣ ಸಿಗುತ್ತದೆ. ನ್ಯಾನ್ ಇಂಟ್ ಆಗುವುದು ಜಿಸಿಸಿ ಕಂಪೈಲರ್‌ನಲ್ಲಿ ಅದಕ್ಕೆ ಕಾಣುವುದಿಲ್ಲ, ಫ್ಲೋಟ್-ಕಾಸ್ಟ್-ಓವರ್‌ಫ್ಲೋ ಅಂತ ಬೇರೆಯಾಗಿ ಹೇಳಬೇಕು. ಆ ಮೊದಲಿನ -2 ಹೋಗಿ ದೈತ್ಯ ಸಂಖ್ಯೆ ಆದದ್ದಂತೂ ಭಾಷೆಯ ಪ್ರಕಾರ ಪೂರ್ತಿ ಕಾನೂನುಬದ್ಧ. ಅದನ್ನು ಹಿಡಿಯಲು ಸೈನ್-ಕನ್ವರ್ಷನ್ ಎಚ್ಚರಿಕೆ ಚಾಲೂ ಮಾಡಬೇಕು. ಮಾಡಿದರೆ ಎಚ್ಚರಿಕೆಗಳ ಮಳೆ. ಪಿಕ್ಸೆಲ್ ಮುಟ್ಟುವ ಫೈಲ್‌ಗಳಿಗೆ ಮಾತ್ರ ಹಾಕಿಕೊಂಡು ಉಳಿದದ್ದಕ್ಕೆ ಕೈಮುಗಿದೆ.

ಕೊನೆಗೆ ಕೀಬೋರ್ಡ್ ಕಡೆಯ ಒಂದು ಬಾಕಿ. ಇನ್‌ಪುಟ್ ಮೆಥಡ್ ಬಳಸಿ ಟೈಪ್ ಮಾಡುವಾಗ ಪದಗಳ ಆಯ್ಕೆಯ ಪುಟ್ಟ ಪೆಟ್ಟಿಗೆ ಬರುತ್ತದಲ್ಲ, ಅದಕ್ಕೆ ಕರ್ಸರ್ ಎಲ್ಲಿದೆ ಅಂತ ಹೇಳಬೇಕು. ಕರ್ಸರ್ ಬಿಟ್ಟು ದೂರ ಸ್ಕ್ರೋಲ್ ಮಾಡಿದ್ದರೆ ಆ ಸ್ಥಾನ 70,000 ಪಿಕ್ಸೆಲ್ ಕೆಳಗಿರಬಹುದು. ಲಿನಕ್ಸ್‌ನಲ್ಲಿ ವಿಂಡೋಗಳನ್ನು ತೋರಿಸುವ ಎಕ್ಸ್11ರ ಹಳೆಯ ಇನ್‌ಪುಟ್ ಮೆಥಡ್ ವ್ಯವಸ್ಥೆಯಲ್ಲಿ ಈ ಸ್ಥಾನ 16 ಬಿಟ್. 70,000 ಅಲ್ಲಿ 4,464 ಆಗುತ್ತದೆ, ಪೆಟ್ಟಿಗೆ ಎಲ್ಲೋ ತೇಲುತ್ತದೆ. ಇಲ್ಲಿ ಮಾತ್ರ ಕತ್ತರಿ ನಾನೇ ಹಾಕಿದೆ, ಕಳಿಸುವ ಗಳಿಗೆಯಲ್ಲಿ, ಪೇನ್‌ನ ಅಂಚಿಗೆ. ಹಾಕುವಾಗ ಇನ್ನೊಂದು ಸಿಕ್ಕಿತು. ಪೇನ್‌ನ್ನು ತೀರಾ ಸಣ್ಣ ಮಾಡಿದರೆ ಸಾಲುಸಂಖ್ಯೆಯ ಪಟ್ಟಿಯೇ ಅದಕ್ಕಿಂತ ಅಗಲ. ಟೆಕ್ಸ್ಟ್‌ಗೆ ಉಳಿಯುವ ಅಗಲ -12. ಮೇಲ್ಮಿತಿ ಕೆಳಮಿತಿಗಿಂತ ಕೆಳಗೆ! ಅಂಥ ಪೇನ್‌ನಲ್ಲಿ ಈಗ ಸಾಲುಸಂಖ್ಯೆ ಬಿಡಿಸುವುದಿಲ್ಲ, ಟೆಕ್ಸ್ಟ್‌ನ ಅಗಲ ಸೊನ್ನೆಗಿಂತ ಕಡಿಮೆ ಆಗಲು ಬಿಡುವುದಿಲ್ಲ.